ನಾಲ್ಕನೆಯ ಕಾಲು

ಪೂಜ್ಯ ಮಾನಪ್ಪಜ್ಜನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಬಡಿಗೇರ ಓಣಿಯ ಅವರ ಮನೆಯ ಪಡಸಾಲೆಯಲ್ಲಿ ಹಗಲೆಲ್ಲ ಗರಗಸ, ಉಳಿಗಳ ಸದ್ದು. ಸೋಮವಾರ ಸಂಜೆ ಕಟ್ಟಿಗೆಯ ಹೊಟ್ಟು ಗುಡಿಸಿ ಕಂಬಳಿ ಹಾಸಿದರೆ ಅಲ್ಲೇ ಭಜನೆ. ಅಜ್ಜನವರು ಎಲ್ಲರೊಡನೆ ನೆಲದ ಮೇಲೆಯೇ ಆಸೀನರಾಗುತ್ತಿದ್ದರು.

ಭಜನೆಯ ಉಸ್ತುವಾರಿ ಅಡಿವೆಪ್ಪನದು. ಅಜ್ಜನವರಿಗಿಂತ ಒಂದು ಗೇಣು ಮೇಲೆ ಯಾರೂ ಕೂರಕೂಡದೆಂಬುದು ಅವನ ಕಟ್ಟಪ್ಪಣೆ. ಕಟ್ಟೆಯ ಮೇಲೆ ಕುಳಿತ ಸ್ವಂತ ಬೀಗರನ್ನೇ ಒಮ್ಮೆ ಎಬ್ಬಿಸಿ ನೆಲಕ್ಕೆ ಕೂರಿಸಿದ್ದ. ಗುರುಗಳು ಎಂದೂ ಹೇಳದ ಕಟ್ಟಳೆಯನ್ನು ಕಾಯಲು ಅವನಿಗೆಷ್ಟು ಹುರುಪು!

ಆ ಭಜನೆಯ ಜೀವವೆಂದರೆ ಬಾಳವ್ವನ ದನಿ. ಈಚೆಗೆ ಆಕೆಯ ಮೊಣಕಾಲು ನೋವಿನಿಂದ ಹಿಡಿದುಕೊಂಡು ನೆಲಕ್ಕೆ ಕೂರಲಾಗದಂತಾಯಿತು. ಕೆಲವು ವಾರ ಕಂಬ ಹಿಡಿದು ನಿಂತೇ ಹಾಡಿದಳು. ಒಂದು ಸೋಮವಾರ ಮುಂಜಾನೆ ಬಂದು ತನ್ನ ತಾಳಗಳನ್ನು ಅಜ್ಜನವರ ಮುಂದಿಟ್ಟಳು.

"ಇನ್ನ ನನ್ನ ಕೈಲೆ ಆಗೂದಿಲ್ರಿ ಅಜ್ಜಾರ. ನಿಂತು ಹಾಡಿದ್ರ ಉಸಿರು ಸಾಲೂದಿಲ್ಲ. ಇವತ್ತಿಗೆ ಬಿಟ್ಟೆ."

ಅಜ್ಜನವರು ತಾಳಗಳನ್ನು ಮುಟ್ಟಲಿಲ್ಲ. "ಸಂಜೀಕ ಬಾರವ್ವ" ಎಂದಷ್ಟೇ ಹೇಳಿ ಬೇವಿನ ಹಲಗೆಯೊಂದನ್ನು ಎಳೆದುಕೊಂಡರು.

ಹಲಗೆ ಸ್ಟೂಲಾಗುತ್ತಿರುವುದನ್ನು ಅಡಿವೆಪ್ಪ ಕಂಡ. ಗುರುಗಳು ಕೆಳಗೆ, ಬಾಳವ್ವ ಮೇಲೆ! ಅಜ್ಜನವರು ಸಂಜೆಯ ಸ್ನಾನಕ್ಕೆ ಎದ್ದದ್ದೇ ತಡ, ಕೆತ್ತಿಟ್ಟಿದ್ದ ಕಾಲುಗಳಲ್ಲಿ ಒಂದನ್ನು ಎತ್ತಿ ಹೊಟ್ಟಿನ ಚೀಲದೊಳಗೆ ತುರುಕಿದ. ದೊಡ್ಡ ಗುರುಸೇವೆ ಮಾಡಿದವನಂತೆ ಮುಖ ಅರಳಿತು.

ಮಂದಿ ಸೇರಿದರು, ಬಾಳವ್ವನೂ ಬಂದಳು. ಅಜ್ಜನವರು ಮೂರು ಕಾಲು ಬಡಿದು ನಾಲ್ಕನೆಯದಕ್ಕೆ ಕೈ ಚಾಚಿದರೆ ಅದಿಲ್ಲ! ಎಲ್ಲರೂ ಹುಡುಕಿದರು. ಅಡಿವೆಪ್ಪನಂತೂ ಕಾಲು ಇಲ್ಲದ ಕಡೆಯಲ್ಲೆಲ್ಲ ಭಾರೀ ಗದ್ದಲ ಮಾಡಿ ಹುಡುಕಿದ.

"ಬ್ಯಾಡ ಬಿಡ್ರಿ. ದೇವರಿಗೇ ಮನಸ್ಸಿಲ್ಲ" ಎಂದು ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟಳು.

"ಕಾಲಿಲ್ಲಂದ್ರ ಏನಾತವ್ವ, ಕೈ ಐತಲ್ಲ" ಎನ್ನುತ್ತ ಅಜ್ಜನವರು ನೆಲಕ್ಕೆ ಮೊಣಕೈ ಊರಿ, ಕಾಲಿಲ್ಲದ ಮೂಲೆಗೆ ತಮ್ಮ ಅಂಗೈ ಕೊಟ್ಟರು. "ಕುಂದರು."

ಅಡಿವೆಪ್ಪ ಆ ಅಂಗೈಯನ್ನೇ ನೋಡಿದ. ದಿನವೂ ತಾನು ಕಣ್ಣಿಗೊತ್ತಿಕೊಳ್ಳುವ ಆ ಕೈ ಇಂದು ಸ್ಟೂಲಿನ ಅಡಿಯಲ್ಲಿ! ಅಲ್ಲಿಗೆ ಅದನ್ನು ತಂದವನು ಬೇರೆ ಯಾರೂ ಅಲ್ಲ, ತಾನೇ.

"ತಡೀರಿ! ತಡೀರಿ ಅಜ್ಜಾರ!" ಎಂದು ಚೀರಿ ಓಡಿದ. ಚೀಲ ಕೊಡವಿದ ರಭಸಕ್ಕೆ ಹೊಟ್ಟೆಲ್ಲ ಕಂಬಳಿಯ ಮೇಲೆ ಹಾರಿತು. ಕಾಲನ್ನು ಹಿಡಿದು ತಂದು ಗುರುಗಳ ಮುಂದೆ ಬಿದ್ದ. "ನಾನ ಮುಚ್ಚಿಟ್ಟಿದ್ದೆರಿ. ನಿಮಗಿಂತ ಮ್ಯಾಲೆ ಯಾರೂ ಕುಂದರಬಾರ್ದಂತ..."

ಅಜ್ಜನವರು ನಕ್ಕರು. ಕಾಲು ಬಡಿಯುತ್ತಿದ್ದ ಕೊಡತಿಯನ್ನು ಅವನ ಕೈಗೇ ಇತ್ತರು.

"ಹಾಡು ಕೇಳಾವ್ರು ಕೆಳಗ ಕುಂದರಬೇಕಪಾ. ನಾನೂ ಕೇಳಾಕ ಬಂದಾಂವ. ಹೂಂ, ಬಡಿ."

ಅಡಿವೆಪ್ಪ ಅಳುತ್ತಲೇ ಬಡಿದ. ಕಾಲು ಗಟ್ಟಿಯಾಗಿ ಕೂತಿತು. ಬಾಳವ್ವ ಅದರ ಮೇಲೆ ಕುಳಿತು ತಾಳ ತಟ್ಟಿದಳು. ಆಹಾ, ಅಂದಿನ ಹಾಡು! ವಾರಗಟ್ಟಲೆ ಉಸಿರು ಸಾಲದೆ ಒಳಗೇ ಉಳಿದಿದ್ದ ದನಿ ಉಕ್ಕಿ ಬಂತು. ಓಣಿಯ ಮಂದಿಯೆಲ್ಲ ಮನೆಯಿಂದ ಹೊರಬಂದು ಕೈ ತಟ್ಟಿದರು. ಅಜ್ಜನವರು ಕೆಳಗೆ ಕುಳಿತು ಕಣ್ಮುಚ್ಚಿ ತೂಗುತ್ತಿದ್ದರು.

ಆಗ ಅಡಿವೆಪ್ಪ ತಲೆಯೆತ್ತಿ ಬಾಗಿಲತ್ತ ನೋಡಿದ. ಗೋಡೆಗೊರಗಿ, ಕೋಲೂರಿ ನಿಂತ ಹಿರಿಯ ಜೀವಗಳು ಕಂಡವು. ಅವರು ಭಕ್ತಿಯಿಂದ ನಿಂತಿದ್ದಾರೆಂದೇ ಅವನು ಇಷ್ಟು ಕಾಲ ತಿಳಿದಿದ್ದ.

ಮರುದಿನ ಅಜ್ಜನವರು ಕದ ತೆರೆಯುವುದರೊಳಗೆ ಬೇವಿನ ದಿಮ್ಮಿ ಹೊತ್ತು ಬಂದು ಹೊಸ್ತಿಲಲ್ಲಿ ನಿಂತಿದ್ದ.

"ಗರಗಸ ಹಿಡಿಯೂದು ಕಲಸ್ರಿ ಅಜ್ಜಾರ. ಇನ್ನೂ ಭಾಳ ಮಂದಿ ನಿಂತಾರ!"