ಒಂಟಿಯಾಗಿ ಹೊರಡದ ಗುಂಪು

“ಗುರುಗಳೇ, ತೀರಿಹೋದವರ ಜಾಗಕ್ಕೆ ಹೋಗುವುದು ಹೇಗೆ?” ಎಂದು ಶಿಷ್ಯೆ ಕೇಳಿದಳು. ಅವಳು ಹೈಸ್ಕೂಲಿಗೆ ವಿಜ್ಞಾನದ ಹೊಸ ಟೀಚರ್. “ಇಂದುಮತಿ ಟೀಚರ್ ಇದ್ದ ತರಗತಿ ಅದು. ಅವರ ಚಾರ್ಟುಗಳನ್ನೆಲ್ಲ ತೆಗೆಸಿ ಹೊಸದು ಹಾಕಿಸಿದೆ. ಆದರೂ ಮಕ್ಕಳು ನನ್ನ ಮುಖ ನೋಡುವುದಿಲ್ಲ. ಶನಿವಾರ ರಾಜೀನಾಮೆ ಕೊಡುತ್ತೇನೆ.”

ಅವಳಿಗೆ ರಸಾಯನಶಾಸ್ತ್ರ ಕಲಿಸಿದ್ದ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರಸಾಯನಶಾಸ್ತ್ರಜ್ಞ ಎರಡು ವರ್ಷ ದುಡಿದು, ಒಂದು ಮರದ ತೊಗಟೆಯಿಂದ ಆಲ್ಕೋಹಾಲ್ ಜಾತಿಯ ಒಂದು ವಸ್ತುವನ್ನು ಮೂರು ಗ್ರಾಂ ತೆಗೆದ. ಅದರಿಂದ ಔಷಧಿಯಾಗಬೇಕಿತ್ತು. ಅದರಲ್ಲಿ ಆಕ್ಸಿಜನ್, ಹೈಡ್ರೋಜನ್ ಕೂಡಿದ ಹೈಡ್ರಾಕ್ಸಿಲ್ ಗುಂಪು ಹೋಗಿ, ಆ ಜಾಗಕ್ಕೆ ನೈಟ್ರೋಜನ್ ಇರುವ ಅಮೀನ್ ಗುಂಪು ಬರಬೇಕಿತ್ತು.

ಅವನು ಅದರಲ್ಲಿ ಎರಡು ಗ್ರಾಂಗೆ ಅಮೋನಿಯಾ ಸೇರಿಸಿ ಕಾಯಿಸಿದ. ಹೈಡ್ರಾಕ್ಸಿಲ್ ಅಲುಗಲಿಲ್ಲ. ಹೊರಡುವ ಗುಂಪು ಬಂಧದ ಎರಡೂ ಎಲೆಕ್ಟ್ರಾನುಗಳನ್ನು ಹೊತ್ತು ಹೋಗಬೇಕು. ಒಂಟಿಯಾಗಿ ಅವನ್ನು ಹೊರುವ ಶಕ್ತಿ ಹೈಡ್ರಾಕ್ಸಿಲ್‌ಗಿಲ್ಲ. ಓಡಿಸಿಯೇ ಬಿಡುತ್ತೇನೆಂದು ಅವನು ತೀಕ್ಷ್ಣ ಆಮ್ಲ ಸುರಿದ. ಆಮ್ಲ ಮೊದಲು ಹಿಡಿದದ್ದು ಅಮೋನಿಯಾವನ್ನು. ಅಮೋನಿಯಾ ಲವಣವಾಯಿತು. ಬಂಧ ಕಟ್ಟಲು ಅದರಲ್ಲಿ ಏನೂ ಉಳಿಯಲಿಲ್ಲ. ಹೀಗೆ ಎರಡು ಗ್ರಾಂ ಕೆಟ್ಟಿತು.

ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯ ಹೆಂಗಸು ಕೆಲಸ ಮಾಡುತ್ತಿದ್ದಳು. ಅವಳು ಫ್ಲಾಸ್ಕ್ ನೋಡಿ ನಕ್ಕಳು. “ಏನಪ್ಪಾ, ಮನೇಲಿರೋರನ್ನ ಓಡಿಸೋಕೆ ಹೋಗಿ, ಬಾಗಿಲಿಗೆ ಬಂದ ನೆಂಟನ ಕೈ ಮುರಿದೆಯಲ್ಲ!”

ಉಳಿದ ಒಂದು ಗ್ರಾಂ ಅನ್ನು ಅವನು ಅವಳಿಗೆ ಕೊಟ್ಟ.

ಅವಳು ಆಮ್ಲ ಮುಟ್ಟಲಿಲ್ಲ. ಫ್ಲಾಸ್ಕನ್ನು ಮಂಜುಗಡ್ಡೆಯಲ್ಲಿಟ್ಟು, ಆ ಹೈಡ್ರಾಕ್ಸಿಲ್‌ನ ಆಕ್ಸಿಜನ್‌ಗೆ ಟೋಸಿಲ್ ಎಂಬ ದೊಡ್ಡ ಗುಂಪನ್ನು ಜೋಡಿಸಿದಳು.

“ಅಯ್ಯೋ ಅಕ್ಕಾ, ಹೋಗಬೇಕಾದದ್ದಕ್ಕೆ ಇನ್ನೂ ಭಾರ ಹೇರ್ತೀರಲ್ಲ!”

“ಭಾರ ಅಲ್ಲಪ್ಪಾ, ಜೊತೆ. ಹೊರೋದನ್ನ ಇನ್ನು ಇಬ್ಬರೂ ಹಂಚ್ಕೊಂಡು ಹೊರ್ತಾರೆ.”

ಆಮೇಲೆ ಅವಳು ಮೂರು ನೈಟ್ರೋಜನ್‌ಗಳ ಗುಂಪಾದ ಅಜೈಡ್ ಸೇರಿಸಿ, ಹದವಾಗಿ ಬೆಚ್ಚಗೆ ಮಾಡಿದಳು. ಅಜೈಡ್ ಹಿಂದಿನಿಂದ ಹತ್ತಿರ ಬಂತು. ಅದು ಬರುತ್ತಿದ್ದಂತೆಯೇ ಆಕ್ಸಿಜನ್ ತನ್ನ ಜೊತೆಗಾರನೊಡನೆ ಹೊರಟಿತು. ಇದು ಬಂದದ್ದೂ ಅದು ಹೋದದ್ದೂ ಒಂದೇ ಗಳಿಗೆಯಲ್ಲಿ. ಕಡೆಗೆ ಹೈಡ್ರೋಜನ್ ಕೊಟ್ಟಾಗ ಅಜೈಡ್ ಅಮೀನ್ ಆಯಿತು. ಒಂದು ಗ್ರಾಂನಲ್ಲಿ ವ್ಯರ್ಥವಾದದ್ದು ಬಹಳ ಕಡಿಮೆ. ಆ ರಸಾಯನಶಾಸ್ತ್ರಜ್ಞ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿದ. ಅವಳಿಗೆ ಕೈಮುಗಿದ.

ಗುರುಗಳು ಕತೆ ಮುಗಿಸಿದರು. “ಮೂವತ್ತೊಂದು ವರ್ಷ ಈ ಪಾಠ ಮಾಡಿದೆ. ಪ್ರತಿ ಸಲವೂ ಆ ಹೆಂಗಸಿನ ಕೈಯ ಸೌಮ್ಯತೆಗೆ ಬೆರಗಾದೆ” ಎಂದರು.

“ಆದರೆ ಗುರುಗಳೇ, ನಾನು ಯಾರನ್ನೂ ಓಡಿಸಲಿಲ್ಲವಲ್ಲ” ಎಂದಳು ಶಿಷ್ಯೆ.

“ಆ ಮಕ್ಕಳ ಮುಂದೆ ಇಂದುಮತಿ ಟೀಚರ್ ಹೆಸರನ್ನು ನೀನು ಎಷ್ಟು ಸಲ ಹೇಳಿದ್ದೀಯಮ್ಮ?”

“ಒಂದು ಸಲವೂ ಇಲ್ಲ” ಎಂದ ಶಿಷ್ಯೆ, ತೆಗೆಸಿದ್ದ ಚಾರ್ಟುಗಳನ್ನು ಹುಡುಕಲು ಶಾಲೆಗೆ ಹೊರಟಳು.