ಪರದೆಯ ಹಿಂದೆ ಉಳಿದ ಮಾತು

"ಗುರುಗಳೇ, ನಾನು ಕದ್ದದ್ದಾದರೂ ಏನು?" ಎಂದು ಶಿಷ್ಯ ಕೇಳಿದ. ಅವನು ಊರಿನ ಕಾಮಗಾರಿಗಳನ್ನು ಗುತ್ತಿಗೆಗೆ ಕೊಡುವ ಅಧಿಕಾರಿ. "ಒಬ್ಬ ಗುತ್ತಿಗೆದಾರ ಗುಟ್ಟಾಗಿ ಹೇಳಿದ ಉಪಾಯವನ್ನು ಇನ್ನೊಬ್ಬನಿಗೆ ಹೇಳಿದೆ. ಅವನು ಅದನ್ನೇ ಕಡಿಮೆ ದರಕ್ಕೆ ಮಾಡಿಕೊಡುತ್ತೇನೆಂದ. ಲಾಭ ಊರಿಗೇ ಆಯಿತು. ನನ್ನ ಜೇಬಿಗೆ ಒಂದು ಕಾಸೂ ಬರಲಿಲ್ಲ."

ಗುರುಗಳು ಹೇಳಿದರು:

ಒಬ್ಬ ರಾಜ ಹೊಳೆಗೆ ಸೇತುವೆ ಕಟ್ಟಿಸಬೇಕೆಂದ. ಹೊಳೆಯ ತಳವೆಲ್ಲ ಮರಳು. ಅಲ್ಲಿ ಎಂಥ ಸೇತುವೆ ನಿಂತೀತು ಎಂಬುದು ಆಸ್ಥಾನದಲ್ಲಿ ಯಾರಿಗೂ ತಿಳಿಯದು. ಆದ್ದರಿಂದ, ಕಟ್ಟುವವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡು, ಆಮೇಲೆ ದರ ಕೇಳು ಎಂದು ಪಾರುಪತ್ಯಗಾರನಿಗೆ ಅಪ್ಪಣೆಯಾಯಿತು. ನಿಯಮ ಎರಡು. ಚಾವಡಿಯಲ್ಲಿ ಪರದೆ ಕಟ್ಟಬೇಕು, ಬಂದವನ ಮುಖ ನೋಡಬಾರದು. ಒಬ್ಬನ ಮಾತು ಇನ್ನೊಬ್ಬನ ಕಿವಿಗೆ ಬೀಳಬಾರದು.

ಮೊದಲನೆಯವನು ಪರದೆಯ ಹಿಂದೆ ಕುಳಿತು ಹೇಳಿದ: "ಬರೀ ಮರಳಿನಲ್ಲಿ ಕಂಬ ನಿಲ್ಲದು ಸ್ವಾಮಿ. ಇಟ್ಟಿಗೆಯ ಬಾವಿ ಕಟ್ಟಿ, ಬಾವಿಯನ್ನೇ ಮರಳಿಗೆ ಇಳಿಸಬೇಕು. ಅದರ ಮೇಲೆ ಕಂಬ. ಇನ್ನೊಂದು ಮಾತಿದೆ..."

"ಸಾಕು, ತಿಳಿಯಿತು" ಎಂದ ಪಾರುಪತ್ಯಗಾರ.

ಪೈಪೋಟಿ ಇದ್ದರೆ ದರ ಇಳಿಯುತ್ತದೆ ಎಂದುಕೊಂಡು, ಎರಡನೆಯವನು ಬಂದಾಗ ಬಾವಿಯ ಉಪಾಯವನ್ನು ತಾನೇ ಹೇಳಿಕೊಟ್ಟ. ದರ ಕೇಳಿದಾಗ ಎರಡನೆಯವನದೇ ಕಡಿಮೆ. ಕೆಲಸ ಅವನಿಗೆ ಹೋಯಿತು. ಮೊದಲನೆಯವನು ಊರಿಗೆ ಹೊರಟ ದೋಣಿ ನಡುಹೊಳೆಯಲ್ಲಿ ಮಗುಚಿತು. ಹೆಣ ಸಿಗಲಿಲ್ಲ.

ಕಂಬಗಳು ಎದ್ದವು. ಒಂದು ಬೆಳಿಗ್ಗೆ ಪರದೆಯ ಹಿಂದಿನಿಂದ ದನಿ ಬಂತು: "ಇನ್ನೊಂದು ಮಾತಿದೆ ಸ್ವಾಮಿ. ಕೇಳುತ್ತೀರಾ?"

ಪಾರುಪತ್ಯಗಾರ ಪರದೆ ಸರಿಸಿದ. ಯಾರೂ ಇಲ್ಲ. ಚಾಪೆಯ ಮೇಲೆ ಒದ್ದೆ ಮರಳು. ಅದನ್ನು ತಾನೇ ಗುಡಿಸಿದ. ಪರದೆಯನ್ನು ಬಿಚ್ಚಿಸಿದ. ಮರುದಿನ ಬರಿದಾದ ಮೂಲೆಯಿಂದ ಅದೇ ದನಿ, ಅಷ್ಟೇ ವಿನಯದಿಂದ ಕೇಳಿತು. ಹೂಂ ಎಂದರೆ ಕೆಲಸ ನಿಲ್ಲಿಸಬೇಕಾದೀತು. ಯಾಕೆಂದು ರಾಜ ಕೇಳಿದರೆ ನಿಯಮ ಮುರಿದದ್ದು ಹೊರಬೀಳುತ್ತದೆ. ಅವನು ಹೂಂ ಎನ್ನಲಿಲ್ಲ. ಕೇಳದ ಹೊರತು ದನಿಯೂ ಮುಂದೆ ಹೇಳಲಿಲ್ಲ.

ಸೇತುವೆ ಮುಗಿಯಿತು. ಅದರ ಮೇಲೆ ಮೊದಲು ದಾಟುವ ಗೌರವ ಪಾರುಪತ್ಯಗಾರನ ಮಗಳ ಮದುವೆ ದಿಬ್ಬಣಕ್ಕೆ ಸಿಕ್ಕಿತು. ದಿಬ್ಬಣ ಹೊರಟಾಗ ಅವನು ಚಾವಡಿಯಲ್ಲಿ ನಿಂತು, ಕಟ್ಟಿದವನಿಗೆ ಶಾಲು ಹೊದಿಸುತ್ತಿದ್ದ. ಈ ಸಲ ದನಿ ಕಿವಿಯ ಹತ್ತಿರವೇ ಬಂತು. ಉಸಿರಿನಲ್ಲಿ ಹೊಳೆಯ ತಣ್ಪು.

"ಕೇಳುತ್ತೀರಾ ಸ್ವಾಮಿ?"

ಅವನು ತಟ್ಟನೆ ತಿರುಗಿದ. ಶಾಲು ಹೊದ್ದವನು ನಕ್ಕ: "ಏನು ಸ್ವಾಮಿ, ಮಗಳು ಹೊರಟಳೆಂದು ಈಗಲೇ ಮುಖ ಬಾಡಿತೇ?"

ಸಭೆಯೂ ನಕ್ಕಿತು. ಪಾರುಪತ್ಯಗಾರ ನಗಲು ನೋಡಿದ. ಈ ಸಲವೂ ಹೂಂ ಎನ್ನಲಿಲ್ಲ.

ಹೊಳೆಯ ಕಡೆಯಿಂದ ವಾಲಗ ಕೇಳಿಸುತ್ತಿತ್ತು. ನಡುಹೊಳೆಯಲ್ಲಿ ಅದು ಒಮ್ಮೆಗೇ ನಿಂತುಹೋಯಿತು.

ಗುರುಗಳು ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಆ ಇನ್ನೊಂದು ಮಾತು ಯಾವುದು ಗುರುಗಳೇ?"

"ನಿನ್ನ ಗುತ್ತಿಗೆದಾರ ಮಾತು ಮುಗಿಸಿ ಎದ್ದನೋ, ನೀನು ಸಾಕೆಂದ ಮೇಲೆ ಎದ್ದನೋ?"