ಸುಮ್ಮನಾದ ರೀಲು

ಹಿಮದ ಬೆಟ್ಟದ ಬುಡದಲ್ಲಿ, ಶಿಖರಕ್ಕೆ ಹೊರಟ ಗೆಳೆಯರ ಫೋಟೋ ತೆಗೆಯಲೆಂದು ಕ್ಯಾಮೆರಾ ಚೀಲದಿಂದ ಹೊರಬಂತು. ರೀಲು ಸುತ್ತುವ ಲೀವರ್‌ಗೆ ಮೊದಲಿನಿಂದಲೂ ಒಂದೇ ಹಟ: ತಾನು ಎಳೆದ ಕೂಡಲೇ ರೀಲು ಮುಂದೆ ಸರಿಯಬೇಕು.

"ಅಣ್ಣಾ, ಚಳಿಗೆ ಮೈಯೆಲ್ಲ ಸೆಟೆದುಕೊಂಡಿದೆ. ನಿಧಾನಕ್ಕೆ ಎಳೆಯಿರಿ," ಎಂದಿತು ರೀಲು.

"ಊರಲ್ಲಿ ಇಲ್ಲದ ನೆಪ ಇಲ್ಲೇಕೆ? ಹೊರಟವರು ನಿನಗಾಗಿ ಕಾಯುತ್ತಾರೆಯೇ?" ಎಂದು ಲೀವರ್ ಜಗ್ಗಿತು.

"ನನ್ನನ್ನು ಹಿಡಿದೆಳೆಯುವ ಅಂಚಿನ ತೂತುಗಳು ಹರಿಯುತ್ತಿವೆ, ಅಣ್ಣಾ!"

"ಬಾಯಿ ಮುಚ್ಚು!" ಲೀವರ್ ಇನ್ನಷ್ಟು ಬಲವಾಗಿ ಜಗ್ಗಿತು. ಒಳಗೆ ಚರ್ರೆಂದು ಸದ್ದಾಯಿತು. ಅಲ್ಲಿಂದಾಚೆ ರೀಲು ಚಕಾರವೆತ್ತಲಿಲ್ಲ. ಲೀವರ್ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತಿರುಗತೊಡಗಿತು.

"ನೋಡಿದೆಯಾ, ಗದರಿದ ಮೇಲೆ ಹೇಗೆ ದಾರಿಗೆ ಬಂದ!" ಎಂದು ಅದು ಶಟರ್ ಮುಂದೆ ಬೀಗಿತು.

ಶಟರ್ ಒಬ್ಬೊಬ್ಬರ ಮುಖಕ್ಕೂ ಕಣ್ಣು ತೆರೆದು ಮುಚ್ಚಿತು. ಗೆಳೆಯರು ಬೆಟ್ಟ ಹತ್ತಿದರು, ಒಬ್ಬರೂ ಇಳಿಯಲಿಲ್ಲ.

ಊರಲ್ಲಿ ರೀಲು ತೊಳೆಸಿ ನೋಡಿದರೆ, ಅಂಚು ಹರಿದ ಮೇಲೆ ಅದು ಇದ್ದಲ್ಲಿಂದ ಒಂದಿಷ್ಟೂ ಸರಿದಿರಲಿಲ್ಲ. ಎಲ್ಲರ ಮುಖವೂ ಒಂದರ ಮೇಲೊಂದು ಬಿದ್ದು, ಪ್ರಿಂಟಿನಲ್ಲಿ ಬರೀ ಬಿಳಿ ಕಲೆಯಾಗಿತ್ತು. ತಾಯಂದಿರು ಆ ಕಲೆಯಲ್ಲಿ ತಮ್ಮ ತಮ್ಮ ಮಗನನ್ನು ಹುಡುಕುತ್ತಿದ್ದರು.

ಪಕ್ಕದ ಮೇಜಿನ ಮೇಲೆ ಲೀವರ್ ಹೊಸ ರೀಲಿಗೆ ಹೇಳುತ್ತಿತ್ತು: "ನಿನಗಿಂತ ಮೊದಲು ಒಬ್ಬನಿದ್ದ. ಒಮ್ಮೆ ಗದರಿದ್ದಷ್ಟೇ, ಆಮೇಲೆ ಒಂದು ಮಾತೂ ಎದುರಾಡಲಿಲ್ಲ."